ಬೆಳ್ಳಿಯ ಕಾಫಿಗಿಂಡಿ

ಇಂಗ್ಲೆಂಡಿನ ಹಳೆಯ ಬೆಳ್ಳಿಯ ಕಾಫಿಗಿಂಡಿಗಳನ್ನು ಸಂಗ್ರಹಿಸಿ ಅತಿಥಿಗಳ ಮುಂದಿಡಬೇಕೆಂಬ ಅಭಿಲಾಷೆ ಕೆಲವರಿಗುಂಟು. ಅಭಿಲಾಷೆಯು ದೋಷವಲ್ಲ, ಪರೀಕ್ಷಿಸದೆ ಕೊಳ್ಳುವುದು ದೋಷವೆಂದು ನಾವು ಬಲ್ಲೆವು.

ಮೊದಲು ಗಿಂಡಿಯನ್ನು ಬೋರಲು ಹಾಕಿ ನೋಡತಕ್ಕುದು. ತಳದಲ್ಲಾಗಲಿ ಹಿಡಿಯ ಬಳಿಯಲ್ಲಾಗಲಿ ನಡೆಯುವ ಸಿಂಹದ ಮುದ್ರೆಯಿದ್ದರೆ ಸಾವಿರಕ್ಕೆ 925 ಪಾಲು ಅಪ್ಪಟ ಬೆಳ್ಳಿಯೆಂದರ್ಥ. ಚಿರತೆಯ ತಲೆ ಲಂಡನ್ನನ್ನೂ, ಲಂಗರು ಬರ್ಮಿಂಗ್‌ಹ್ಯಾಮನ್ನೂ, ಒಂದು ಅಕ್ಷರವು ವರ್ಷವನ್ನೂ ಸೂಚಿಸುವುವು. ಮುಚ್ಚಳವನ್ನೂ ಮರೆಯಬಾರದು, ಅದು ಬೇರೊಂದು ಗಿಂಡಿಯದಾಗಿರಬಹುದು! 1840ರಲ್ಲಿ ಎಲ್ಕಿಂಗ್‌ಟನ್ನರು ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಡುವುದಕ್ಕೆ ಪೇಟೆಂಟ್ ಪಡೆದರು. ಅಂತಹ ಪಾತ್ರೆಗಳೂ ಸುಂದರವೇ; ಆದರೆ ಬೆಳ್ಳಿಯ ಬೆಲೆ ತೆತ್ತು ಲೇಪವನ್ನು ಮನೆಗೆ ತರುವುದೇಕೆ?

ಕೊಂಡ ಬಳಿಕ ಒದಗುವ ಅಪಾಯವು ಇನ್ನೂ ದೊಡ್ಡದು. ಹುಣಿಸೆಹಣ್ಣು, ಮರಳು ಇವು ಹಿತ್ತಾಳೆಯ ಚೆಂಬಿಗೆ ಸಲ್ಲುವ ಉಪಚಾರ. ಬೆಳ್ಳಿ ಮೃದು, ದಿನವೂ ತಿಕ್ಕಿದರೆ ಮುದ್ರೆಯು ಸವೆದು ಅಳಿಯುವುದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1681ರ ಕಾಫಿಗಿಂಡಿಯೊಂದಿದೆ. ಅದು ಈಸ್ಟ್ ಇಂಡಿಯಾ ಕಂಪೆನಿಗೆ ಬಂದ ಕೊಡುಗೆಯೆಂಬುದನ್ನು ಅದರ ಮೈಮೇಲಿನ ಬರಹವೇ ಸಾರುತ್ತಿದೆ. ಆ ಬರಹವನ್ನು ಯಾವಳಾದರೂ ಶುಚಿಪ್ರಿಯಳು ಉಜ್ಜಿಬಿಟ್ಟಿದ್ದರೆ? ಗುರುತು ಅಳಿದ ಗಿಂಡಿ ಚಿನಿವಾರನ ತಕ್ಕಡಿಯಲ್ಲಿ ಬರಿಯ ತೂಕ. ಅಲ್ಲಿಂದ ಮುಂದಕ್ಕೆ ಮೂಸೆ.

ಆದಕಾರಣ ಸೋದರಿಯರೇ, ಬಿಸಿನೀರು, ಕೊಂಚ ಸಾಬೂನು, ಮೆತ್ತನೆಯ ಅರಿವೆ, ಇಷ್ಟು ಸಾಕು. ಬೆಳ್ಳಿಯು ಬೇಗನೆ ಕಾಯುವುದರಿಂದ ಹಿಡಿಯನ್ನು ಬಹುಧಾ ಮರದಿಂದ ಮಾಡಿರುವರು. ಅದನ್ನು ನೀರಿನಲ್ಲಿ ನೆನೆಹಾಕಬೇಡಿರಿ. ಬೀರುವಿನಲ್ಲಿ ಬಂಧಿಸಿಯೂ ಇಡಬೇಡಿರಿ. ನೆಂಟರು ಬಂದಾಗ ಅದರಲ್ಲಿಯೇ ಕಾಫಿ ಬಗ್ಗಿಸಿರಿ.