ಗ್ರೀನ್ ಟೀ: ಗುಣವೆಷ್ಟು, ಗದ್ದಲವೆಷ್ಟು?



ಮಂಡ್ಯಕ್ಕೂ ಮದ್ದೂರಿಗೂ ನಡುವೆ ಇರುವ ಹನಕೆರೆಯಂಥ ಊರಿನ ಅಂಗಡಿಗಳಿಗೂ ಈಗ ಗ್ರೀನ್ ಟೀ ಬಂದಿದೆ. ಮುದ್ದೆ ಉಂಡು, ಕಬ್ಬಿನ ಗದ್ದೆಗೆ ನೀರು ಕಟ್ಟಿ, ಬಿಡುವಾದಾಗ ಒಂದು ಲೋಟ ಕಾಫಿ ಕುಡಿದು ಬಾಳಿದ ಸೀಮೆ ಇದು. ಇಲ್ಲಿಯೂ ಬೆಂಗಳೂರಿನಲ್ಲಿರುವ ಮಗನೋ ಮಗಳೋ ಹಬ್ಬಕ್ಕೆ ಬರುವಾಗ ಒಂದು ಪೊಟ್ಟಣ ತಂದು, "ಕಾಫಿ ಬುಟ್ಟು ಇದ ಕುಡಿಯಪ್ಪ, ಸುಗರ್ರು, ಬೊಜ್ಜು ಎಲ್ಲಾ ಇಳೀತದೆ" ಎಂದು ಕೈಗಿಡುತ್ತಾರೆ. ಮಕ್ಕಳ ಅಕ್ಕರೆಯ ಮಾತನ್ನು ಯಾರು ತಾನೇ ಅಲ್ಲಗಳೆಯುತ್ತಾರೆ? ಆದರೆ ಆ ಮಾತಿನಲ್ಲಿ ನಿಜವೆಷ್ಟು ಎಂದು ತೂಗಿ ನೋಡುವುದು ಹಿರಿಯರಾದ ನಮ್ಮ ಕೆಲಸ.

ಕಾಫಿ, ಅಡಿಕೆ ಬೆಳೆಯುವವರ ಪತ್ರಿಕೆ ಟೀ ವಿಷಯ ಎತ್ತಿಕೊಂಡರೆ, ಎದುರಾಳಿಯ ಸರಕನ್ನು ಹಳಿಯುವುದಕ್ಕೇ ಎತ್ತಿಕೊಂಡಿದೆ ಎಂದು ಓದುಗರಿಗೆ ಅನ್ನಿಸೀತು. ಅಂಥ ಉದ್ದೇಶ ನಮಗಿಲ್ಲ. ಟೀ ಬೆಳೆಯುವವರೂ ಬೆಳೆಗಾರರೇ. ನೆರೆಯ ನೀಲಗಿರಿಯ ಸಾವಿರಾರು ಸಣ್ಣ ಹಿಡುವಳಿದಾರರ ಒಲೆ ಉರಿಯುವುದು ಅದರಿಂದಲೇ. ನಮ್ಮ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲೂ ಅಲ್ಪಸ್ವಲ್ಪ ಟೀ ತೋಟಗಳಿವೆ. ನಮ್ಮ ತಕರಾರು ಗಿಡದ ಮೇಲಲ್ಲ, ಪೊಟ್ಟಣದ ಮೇಲೆ ಅಚ್ಚಾಗುವ ಮಾತಿನ ಮೇಲೆ.

ಮೊದಲು ವಸ್ತು ಯಾವುದೆಂದು ತಿಳಿಯೋಣ. ಗ್ರೀನ್ ಟೀ ಬೇರೆ ಗಿಡದ್ದಲ್ಲ. ನಾವು ಹಾಲು ಸಕ್ಕರೆ ಹಾಕಿ ಕುದಿಸುವ ಟೀಯೂ ಅದೇ ಗಿಡದ ಎಲೆಯೇ. ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟರೆ ಅದರ ರಸ ಗಾಳಿಯೊಡನೆ ಸೇರಿ ಕೆಂಪಾಗಿ, ಕಪ್ಪಾಗಿ, ನಮ್ಮ ಮಾಮೂಲು ಟೀ ಆಗುತ್ತದೆ. ಕೊಯ್ದ ಕೂಡಲೇ ಹಬೆ ಕೊಟ್ಟು ಅಥವಾ ಬಾಣಲೆಯಲ್ಲಿ ಹುರಿದು ಆ ಕ್ರಿಯೆಯನ್ನು ತಡೆದರೆ ಎಲೆ ಹಸಿರಾಗಿಯೇ ಉಳಿಯುತ್ತದೆ. ನಮ್ಮ ಕಡೆ ಟೀ ಪುಡಿಗೆ 'ಟೀ ಸೊಪ್ಪು' ಎನ್ನುವ ರೂಢಿ ಹಿಂದಿನಿಂದಲೂ ಇದೆ. ಆ ಹೆಸರು ನಿಜವಾಗಿ ಒಪ್ಪುವುದು ಗ್ರೀನ್ ಟೀಗೇ. ಹಸಿರಾಗಿ ಉಳಿದುದರಿಂದ ಅದರಲ್ಲಿ ಕ್ಯಾಟೆಚಿನ್ ಎಂಬ ಒಗರಿನ ಅಂಶ ಹೆಚ್ಚಾಗಿ ಉಳಿಯುತ್ತದೆ. ಗ್ರೀನ್ ಟೀಯ ಗುಣವೆಂದು ಹೇಳುವುದೆಲ್ಲ ಬಹುಪಾಲು ಈ ಒಗರಿನದು. ದೋಷವೂ ಅದರದೇ.

ಗುಣ ಇಲ್ಲವೆನ್ನಲಾಗದು. ಜಪಾನಿನಲ್ಲಿ ಐಸಾಯ್ ಎಂಬ ಬೌದ್ಧ ಸನ್ಯಾಸಿ 1211ರಷ್ಟು ಹಿಂದೆಯೇ ಟೀ ಕುಡಿದು ಆರೋಗ್ಯ ಕಾಪಾಡಿಕೊಳ್ಳುವ ಬಗ್ಗೆ ಪುಸ್ತಕ ಬರೆದಿದ್ದಾನೆ. ಹಳೆಯ ಮಾತು ಹಾಗಿರಲಿ. ಅದೇ ದೇಶದ ಓಸಾಕಿ ಪ್ರಾಂತದಲ್ಲಿ 40,530 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2006ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ದಿನಕ್ಕೆ ಐದು ಅಥವಾ ಹೆಚ್ಚು ಬಟ್ಟಲು ಕುಡಿಯುವವರಲ್ಲಿ, ಒಂದು ಬಟ್ಟಲೂ ಕುಡಿಯದವರಿಗಿಂತ, ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಸಾಯುವವರು ಹೆಂಗಸರಲ್ಲಿ ನೂರಕ್ಕೆ 31ರಷ್ಟು, ಗಂಡಸರಲ್ಲಿ 22ರಷ್ಟು ಕಡಿಮೆ ಇದ್ದರು. ಕ್ಯಾನ್ಸರಿನ ಸಾವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದು ದೊಡ್ಡ ಅಧ್ಯಯನ, ಗೌರವಿಸಬೇಕಾದದ್ದು. ಆದರೆ ಜಪಾನಿನವರು ಹಾಲಿಲ್ಲದೆ, ಸಕ್ಕರೆಯಿಲ್ಲದೆ ಕುಡಿಯುತ್ತಾರೆ. ಮೀನು, ಸೊಪ್ಪು, ಸೋಯಾ ತಿನ್ನುತ್ತಾರೆ. ಅಲ್ಲಿಯ ಬಟ್ಟಲಿನ ಫಲವನ್ನು ಇಲ್ಲಿಯ ಲೋಟಕ್ಕೆ ಹಾಗೆಯೇ ಬಗ್ಗಿಸಿಕೊಳ್ಳುವಂತಿಲ್ಲ.

ಬೊಜ್ಜು ಕರಗುತ್ತದೆಂಬ ಮಾತು ಮಾತ್ರ ತೀರ ಟೊಳ್ಳು. ಜಗತ್ತಿನ ಪ್ರಯೋಗಗಳನ್ನೆಲ್ಲ ಜಾಲಾಡುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಇದನ್ನು ಪರಿಶೀಲಿಸಿ, ಇಳಿಯುವ ತೂಕ ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ ಎಂದಿತು. ಕೆಟ್ಟ ಕೊಬ್ಬಿನ ಕತೆಯೂ ಅಷ್ಟೆ. 2011ರಲ್ಲಿ 14 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಇಳಿಕೆ ಡೆಸಿಲೀಟರಿಗೆ ಎರಡು ಮಿಲಿಗ್ರಾಮಿನ ಆಸುಪಾಸು ಮಾತ್ರ. ಬಾಯಿಗೆ ಕಹಿಯೆಂದು ಗ್ರೀನ್ ಟೀಗೆ ಎರಡು ಚಮಚ ಸಕ್ಕರೆಯನ್ನೋ ಅಲೆಮನೆಯ ಬೆಲ್ಲವನ್ನೋ ಹಾಕಿ ಕುಡಿದು, 'ಸುಗರ್ರಿಗೆ ಒಳ್ಳೆಯದು' ಎಂದು ಸಮಾಧಾನ ಪಡುವವರಿಗೆ ನಾವು ಏನು ಹೇಳೋಣ! ಇನ್ನು ಬೆಲೆ. 25 ಚೀಲಗಳ ಪೊಟ್ಟಣದಲ್ಲಿ ಸಾಮಾನ್ಯವಾಗಿ 50 ಗ್ರಾಂ ಸೊಪ್ಪೂ ಇರುವುದಿಲ್ಲ. ಕೊಟ್ಟ ಹಣವನ್ನು ಕಿಲೋ ಲೆಕ್ಕಕ್ಕೆ ತಂದು, ಪಕ್ಕದಲ್ಲಿ ಒಳ್ಳೆಯ ಕಾಫಿ ಪುಡಿಯ ಬೆಲೆ ಬರೆದು ನೋಡಿ.

ನಮಗೆ ನಿಜವಾಗಿ ಚಿಂತೆ ಇರುವುದು ಬೇರೆ ಕಡೆ. ಹಸಿ ಅಡಿಕೆ ಹೋಳು ಮಾಡಿದ ಕತ್ತಿ ಕಪ್ಪಾಗುವುದನ್ನು ಬೆಳೆಗಾರರಾದ ನೀವೆಲ್ಲ ಕಂಡಿದ್ದೀರಿ. ಅಡಿಕೆ ಬೇಯಿಸಿದ ಹಂಡೆಯ ಚೊಗರು ಕಬ್ಬಿಣಕ್ಕೆ ತಗುಲಿದರೂ ಅದೇ ಪರಿಣಾಮ. ಒಗರು ಕಬ್ಬಿಣವನ್ನು ಹಿಡಿದು ಕಟ್ಟಿಹಾಕುವ ಬಗೆ ಇದು. ಟೀಯ ಒಗರು ನಮ್ಮ ಹೊಟ್ಟೆಯೊಳಗೆ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಮುದ್ದೆ, ಉಪ್ಸಾರು, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ಅದು ಹಿಡಿದಿಟ್ಟುಕೊಂಡರೆ ರಕ್ತಕ್ಕೆ ಸೇರುವ ಪಾಲು ಇಳಿಯುತ್ತದೆ. ಅಮೆರಿಕದಲ್ಲಿ 1983ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಊಟದ ಜೊತೆಗೆ ಟೀ ಕೊಟ್ಟಾಗ ಕಬ್ಬಿಣ ಹೀರಿಕೆ ನೂರಕ್ಕೆ 64ರಷ್ಟು, ಕಾಫಿ ಕೊಟ್ಟಾಗ 39ರಷ್ಟು ಕುಗ್ಗಿತು. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದರೆ ತೊಂದರೆ ಇರಲಿಲ್ಲ. ಆದರೆ ಉಂಡು ಒಂದು ಗಂಟೆಯಾದ ಮೇಲೆ ಕುಡಿದರೂ ಜೊತೆಯಲ್ಲಿ ಕುಡಿದಷ್ಟೇ ನಷ್ಟವಾಯಿತು. ಅಲ್ಲಿ ಕೊಟ್ಟದ್ದು ಕಪ್ಪು ಟೀ, ಊಟವೂ ಮಾಂಸದ್ದು. ಮಾಂಸದ ಕಬ್ಬಿಣ ಸುಲಭವಾಗಿ ಸೇರುವಂಥದು. ನಮ್ಮದು ರಾಗಿ ಕಾಳಿನ ಊಟ; ಅದರ ಕಬ್ಬಿಣ ಮೊದಲೇ ಹಟಮಾರಿ, ರಾಗಿಯಲ್ಲಿಯೂ ತನ್ನದೇ ಒಗರು ಇದೆ. ಅದರ ಮೇಲೆ ಇನ್ನೊಂದು ಒಗರು ಬಿದ್ದರೆ ಗತಿಯೇನು?

ಇದು ಪುಸ್ತಕದ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ, ನಮ್ಮ ರಾಜ್ಯದಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ನಮ್ಮ ಮನೆಯಂಗಳದಲ್ಲಿ ಅಡಿಕೆ ಸುಲಿಯಲು ಕೂರುವ ಹೆಣ್ಣುಮಕ್ಕಳು, ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವವರು, ಮನೆಯ ಸೊಸೆಯಂದಿರು ಎಲ್ಲರೂ ಈ ಲೆಕ್ಕದೊಳಗಿದ್ದಾರೆ. ಹಿಟ್ಟು ಉಂಡ ಕೈ ಆರುವ ಮೊದಲೇ ಟೀ ಲೋಟ ಕೈಗೆ ಬರುವುದು ನಮ್ಮಲ್ಲಿ ಮರ್ಯಾದೆಯ ವಿಷಯ. ಕೂಲಿಯವರಿಗೆ ಟೀ ಕೊಡದ ಯಜಮಾನನನ್ನು ಊರೇ ಆಡಿಕೊಳ್ಳುತ್ತದೆ. ಕೊಡಬೇಡಿ ಎಂದು ನಾವು ಹೇಳುವುದಿಲ್ಲ. ಹೊತ್ತು ಬದಲಿಸಿ ಎನ್ನುತ್ತೇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಸೂಚಿಯೂ ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಟೀ ಕಾಫಿ ಬೇಡ ಎಂದೇ ಹೇಳಿದೆ. ಊಟವಾದ ಮೇಲಿನ ಅಂತರ ಒಂದಕ್ಕಿಂತ ಎರಡು ಗಂಟೆಯಾದರೆ ಒಳಿತು ಎಂಬುದು ಮೇಲಿನ ಪ್ರಯೋಗ ಓದಿದ ನಮ್ಮ ಅಭಿಪ್ರಾಯ. ಊಟದ ಜೊತೆ ಒಂದು ಹೋಳು ನಿಂಬೆ ಹಿಂಡಿದರೆ, ಒಂದು ನೆಲ್ಲಿಕಾಯಿ ಕಡಿದರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಇದಕ್ಕೆ ಖರ್ಚು ಎಷ್ಟು? ಗರ್ಭಿಣಿಯರು ಆಸ್ಪತ್ರೆಯಿಂದ ತಂದ ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಿದರೆ ಮಾತ್ರೆಯ ಫಲ ಬಹಳಷ್ಟು ವ್ಯರ್ಥವಾಗುತ್ತದೆ ಎಂಬುದನ್ನು ಮನೆಯ ಹಿರಿಯ ಹೆಂಗಸರು ನೆನಪಿಟ್ಟುಕೊಳ್ಳಬೇಕು.

ಔಷಧಿ ನುಂಗುವ ಹಿರಿಯರಿಗೂ ಎರಡು ಮಾತು. ರಕ್ತದ ಒತ್ತಡಕ್ಕೆ ಕೊಡುವ ನಾಡೊಲಾಲ್ ಎಂಬ ಮಾತ್ರೆಯ ಜೊತೆ ಗ್ರೀನ್ ಟೀ ಕುಡಿಸಿ ಜಪಾನಿನಲ್ಲಿ ಪರೀಕ್ಷಿಸಿದಾಗ ರಕ್ತದಲ್ಲಿ ಮಾತ್ರೆಯ ಮಟ್ಟ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿದದ್ದು 2014ರಲ್ಲಿ ಪ್ರಕಟವಾಯಿತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಗ್ರೀನ್ ಟೀಯನ್ನು ಮಿತಿಮೀರಿ ಕುಡಿಯುವ ಮೊದಲು ವೈದ್ಯರನ್ನು ಕೇಳಲೇಬೇಕು. ಟೀ ಶುರು ಮಾಡಿದೆನೆಂದು ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅರ್ಧಕ್ಕಿಳಿಸುವುದಂತೂ ಕೂಡದು. ಇನ್ನು ಗ್ರೀನ್ ಟೀ ಸಾರವನ್ನು ಗುಳಿಗೆ ಮಾಡಿ ತೂಕ ಇಳಿಸುವ ಮದ್ದೆಂದು ಮಾರುತ್ತಾರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ, ಲೋಟದಲ್ಲಿ ಸೋಸಿ ಕುಡಿಯುವ ಟೀ ಸಾಮಾನ್ಯವಾಗಿ ಸುರಕ್ಷಿತವೇ, ಆದರೆ ಇಂಥ ಗುಳಿಗೆಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಮುಖ್ಯ ಕ್ಯಾಟೆಚಿನ್ ಸೇರಿದರೆ ಯಕೃತ್ತಿಗೆ ಪೆಟ್ಟು ಬೀಳುವ ಲಕ್ಷಣ ಕಾಣುತ್ತದೆ ಎಂದಿತು. ಗುಳಿಗೆಯ ತಂಟೆಗೆ ಹೋಗಬೇಡಿ.

ಹಾಗಾದರೆ ಕಾಫಿಯೇ ಮೇಲೋ? ನಮ್ಮ ಸರಕೆಂದು ಹೊಗಳಲು ನಾವು ಸಿದ್ಧರಿಲ್ಲ. ಪೋಷಣಾ ಸಂಸ್ಥೆಯ ಅದೇ ಸೂಚಿಯ ಪ್ರಕಾರ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ದಾಟಬಾರದು. ರಾತ್ರಿ ನಿದ್ದೆ ಬಾರದ, ಎದೆ ಹೊಡೆದುಕೊಳ್ಳುವ ಮಂದಿಗೆ ಗ್ರೀನ್ ಟೀಯೇ ಹಗುರ ಎಂದು ಒಪ್ಪಿಕೊಳ್ಳೋಣ. ಆದರೆ ಕಾಫಿಯ ಚರಿತ್ರೆಯಲ್ಲಿ ನಮಗೊಂದು ಪಾಠವಿದೆ. ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರಿಗೆ ಕಾರಣವಾಗಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತ್ತು. ಆ ಮಚ್ಚೆ ಹೊತ್ತು ಕಾಫಿ 25 ವರ್ಷ ಸಾಗಿತು. 2016ರಲ್ಲಿ ಸಾವಿರಕ್ಕೂ ಮಿಕ್ಕ ಅಧ್ಯಯನಗಳನ್ನು ನೋಡಿ ಅದೇ ಸಂಸ್ಥೆ ಮಚ್ಚೆಯನ್ನು ಅಳಿಸಿತು. ಅಳಿಸಿದ್ದು ಜಾಹೀರಾತಲ್ಲ, ಪರೀಕ್ಷೆ. ಅದೇ ಸಭೆಯಲ್ಲಿ, ಯಾವುದೇ ಪಾನೀಯವಾಗಲಿ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿ ಕುಡಿದರೆ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ದಾರಿಯಾಗುತ್ತದೆ ಎಂದೂ ತೀರ್ಮಾನಿಸಿದರು. ಒಲೆಯಿಂದ ಇಳಿಸಿದ್ದನ್ನು ಹಾಗೆಯೇ ಗಂಟಲಿಗೆ ಸುರಿದುಕೊಳ್ಳುವ ಶೂರರು ನಮ್ಮಲ್ಲಿ ಇದ್ದಾರೆ. ಲೋಟದಿಂದ ಬಟ್ಟಲಿಗೆ ಎರಡು ಸಲ ಆರಿಸಿ ಕುಡಿದರೆ ಗಂಟೇನೂ ಹೋಗುವುದಿಲ್ಲ.

ಈಗ ಸದಸ್ಯರಲ್ಲಿ ಕೆಲವರು ಕೇಳುವ ಪ್ರಶ್ನೆಗೆ ಬರೋಣ. ಗ್ರೀನ್ ಟೀಗೆ ಇಷ್ಟು ಗಿರಾಕಿ ಇರುವಾಗ ನಾವೇಕೆ ಅಡಿಕೆ ಟೀ ಮಾಡಿ ಮಾರಬಾರದು? ಶಿವಮೊಗ್ಗದ ಕಡೆಯಿಂದ ಅಡಿಕೆ ಟೀ ಈಗಾಗಲೇ ಮಾರುಕಟ್ಟೆಗೆ ಬಂದಿದೆ. ಅಡಿಕೆಯಲ್ಲೂ ಟೀಯಲ್ಲಿರುವಂಥ ಕ್ಯಾಟೆಚಿನ್ ಇದೆ ಎಂಬುದು ನಿಜ. ಆದ್ದರಿಂದ ಟೀಗೆ ಹೇಳುವ ಗುಣವನ್ನೆಲ್ಲ ಅಡಿಕೆಗೂ ಹೇಳಬಹುದೆಂದು ಕೆಲವರ ವಾದ. ಇದನ್ನು ನಾವು ಒಪ್ಪುವುದಿಲ್ಲ.

ಟೀಯಲ್ಲಿ ಇಲ್ಲದ ಅರೆಕೋಲಿನ್ ಎಂಬ ಕ್ಷಾರ ಅಡಿಕೆಯಲ್ಲಿದೆ. ಮೇಲೆ ಹೇಳಿದ ಲಿಯೋನ್ ಸಂಸ್ಥೆಯೇ 2003ರ ಸಭೆಯಲ್ಲಿ, ತಂಬಾಕು ಸೇರದ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಮೊದಲನೆಯ ವರ್ಗಕ್ಕೆ ಹಾಕಿತು. 2020ರಲ್ಲಿ ಅರೆಕೋಲಿನ್ ಅನ್ನು ಪ್ರತ್ಯೇಕವಾಗಿಯೂ ಸಂಶಯದ ಪಟ್ಟಿಗೆ ಸೇರಿಸಿತು. ಕಾಫಿಯ ಮಚ್ಚೆ ಅಳಿಸಿದಾಗ ಆ ಸಂಸ್ಥೆಯ ಮಾತನ್ನು ಮುಖಪುಟದಲ್ಲಿ ಹಾಕಿಕೊಳ್ಳುವ ನಾವು, ಅಡಿಕೆಯ ಬಗ್ಗೆ ಅದೇ ಸಂಸ್ಥೆ ಆಡಿದ ಮಾತನ್ನು ವಿದೇಶೀಯರ ಪಿತೂರಿ ಎಂದು ತಳ್ಳಿಹಾಕಿದರೆ ನ್ಯಾಯವಾದೀತೇ? ತಾತ ಮುತ್ತಾತಂದಿರು ಎಲೆಯಡಿಕೆ ಹಾಕಿಕೊಂಡೇ ಎಂಬತ್ತು ದಾಟಿದರು ಎನ್ನುವ ಮಾತಿಗೆ ನಮ್ಮಲ್ಲಿ ಅನಾದರವಿಲ್ಲ. ಆದರೆ ಗುಟ್ಕಾ, ಪಾನ್ ಮಸಾಲಾ ಜಗಿದು ಬಾಯಿ ಬಿಗಿದುಕೊಂಡು ಎರಡು ಬೆರಳು ಅಗಲಕ್ಕೂ ತೆರೆಯಲಾಗದ ಹುಡುಗರನ್ನು ಯಾವ ದಂತವೈದ್ಯರೂ ತೋರಿಸಿಯಾರು. ಆ ಬಿಗಿತಕ್ಕೆ ಕಾರಣ ತಂಬಾಕಲ್ಲ, ಅಡಿಕೆ.

ಇಷ್ಟು ಹೇಳಿದ ಮೇಲೆ ಅಡಿಕೆ ಟೀ ಬೇಡವೆಂದು ನಾವು ಬಾಗಿಲು ಹಾಕುತ್ತಿಲ್ಲ. ಜಗಿಯುವುದು ಬೇರೆ, ಸೋಸಿ ಕುಡಿಯುವುದು ಬೇರೆ. ಸಂಸ್ಕರಣೆಯಲ್ಲಿ ಅರೆಕೋಲಿನ್ ಎಷ್ಟು ಕಳೆಯುತ್ತದೆ, ಲೋಟಕ್ಕೆ ಎಷ್ಟು ಇಳಿಯುತ್ತದೆ ಎಂಬುದು ಅಳೆದು ಹೇಳಬಹುದಾದ ಸಂಗತಿ. ಅಳೆಯಬಲ್ಲ ಪ್ರಯೋಗಾಲಯಗಳು ದೇಶದಲ್ಲಿವೆ, ಕಾಸರಗೋಡಿನಲ್ಲಿ ನಮ್ಮದೇ ಬೆಳೆಗೆಂದು ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. 2025ರಲ್ಲಿ ಅಮೆರಿಕದ ಆಹಾರ ಇಲಾಖೆ ಅಡಿಕೆ ಹಾಳೆಯ ತಟ್ಟೆಗಳ ವಿಷಯದಲ್ಲೂ ಇದೇ ಕ್ಷಾರಗಳು ಊಟಕ್ಕೆ ಇಳಿಯುತ್ತವೆಂದು ಆಕ್ಷೇಪ ಎತ್ತಿತು. ತಟ್ಟೆಗೇ ಲೆಕ್ಕ ಕೇಳುವವರು ಲೋಟಕ್ಕೆ ಕೇಳದೆ ಬಿಡುತ್ತಾರೆಯೇ?

ಆದ್ದರಿಂದ ಮಲೆನಾಡಿನ ಕಾಫಿ ಬೆಳೆಗಾರರಲ್ಲೂ, ನಾಲೆ ಬಯಲಿನಲ್ಲಿ ತೆಂಗಿನ ನಡುವೆ ಅಡಿಕೆ ಇಟ್ಟಿರುವ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಸದಸ್ಯರಲ್ಲೂ ನಮ್ಮ ವಿನಂತಿ ಇಷ್ಟು: ಸಹಕಾರ ಸಂಘದ ಹೆಸರಿನಲ್ಲಿ ಅಡಿಕೆ ಟೀ ಪೊಟ್ಟಣ ಹೊರಡುವುದಾದರೆ, ಅದರ ಮೇಲೆ 'ಸಕ್ಕರೆ ಕಾಯಿಲೆಗೆ', 'ಬೊಜ್ಜಿಗೆ' ಎಂದು ಒಂದಕ್ಷರವೂ ಅಚ್ಚಾಗಕೂಡದು. ಒಂದು ಲೋಟಕ್ಕೆ ಅರೆಕೋಲಿನ್ ಎಷ್ಟು ಎಂಬ ಪ್ರಯೋಗಾಲಯದ ಅಂಕಿ ಮೊದಲು ಆಡಳಿತ ಮಂಡಳಿಯ ಮುಂದೆ ಬರಲಿ. ಅಲ್ಲಿಯವರೆಗೆ ಹೆದ್ದಾರಿಯಲ್ಲಿ ಹೋಗುವವರಿಗೆ ಏನಾದರೂ ಆರೋಗ್ಯದ ಪಾನೀಯ ಮಾರಲೇಬೇಕೆಂಬ ಹುಮ್ಮಸ್ಸಿದ್ದರೆ, ಮದ್ದೂರಿನ ಎಳನೀರು ಮಾರುಕಟ್ಟೆ ಹನಕೆರೆಗೆ ಕೂಗಳತೆಯಲ್ಲೇ ಇದೆ.