ಮಲ್ಲಕಾಳಗದಲ್ಲಿ ತಡೆಯುವವನು ಯಾರು?

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಮನೆಗಳಲ್ಲಿ ಬಾಲಕರು ಈಗ ಮೊಬೈಲಿನಲ್ಲಿ ನೋಡುವ ವಿನೋದಗಳಲ್ಲಿ ಪರದೇಶದ ರಕ್ತಸಿಕ್ತವಾದ ಕುಸ್ತಿಯೂ ಒಂದು. ಮುಳ್ಳುತಂತಿ, ಕುರ್ಚಿ, ಟ್ಯೂಬ್‌ಲೈಟುಗಳಿಂದ ಮಲ್ಲರು ಪರಸ್ಪರ ಬಡಿದಾಡುವುದನ್ನು ಕಂಡ ಹಿರಿಯರು, “ಇದು ಹೊರಗಿನವರ ಕ್ರೌರ್ಯ; ನಮ್ಮಲ್ಲಿ ಇಂತಹುದು ಇರಲಿಲ್ಲ” ಎನ್ನುವುದುಂಟು. ವಾಚಕರು ಈ ಮಾತನ್ನು ಸ್ವಲ್ಪ ವಿಚಾರಿಸಿ ನೋಡಬೇಕು.

2021ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಹಂಪೆಯಲ್ಲಿ, ಸುಮಾರು 1520ರಲ್ಲಿ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಅಲ್ಲಿಯ ಮಲ್ಲರ ಹೊಡೆತಗಳಿಂದ ಹಲ್ಲುಗಳು ಮುರಿಯುತ್ತಿದ್ದುವೆಂದೂ ಕಣ್ಣುಗಳು ಹೋಗುತ್ತಿದ್ದುವೆಂದೂ ಬರೆದಿಟ್ಟಿದ್ದಾನೆ. ಅಚ್ಯುತರಾಯನ ಕಾಲದಲ್ಲಿದ್ದ ನ್ಯೂನಿಜನು, ಅರಸನಲ್ಲಿ ಸಾವಿರ ಮಂದಿ ಮಲ್ಲರಿದ್ದರೆಂದೂ ಅವರು ಮೊನೆಗಳುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಗಾಯಗೊಳಿಸುತ್ತಿದ್ದರೆಂದೂ ಹೇಳುತ್ತಾನೆ. ಮೈಸೂರು ಅರಮನೆಯಲ್ಲಿ ದಸರೆಯ ಕಾಲಕ್ಕೆ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ಇದೇ ಬಗೆಯದು. ಆದುದರಿಂದ ರಕ್ತವು ನಮ್ಮ ಕಣಕ್ಕೆ ಹೊಸದಲ್ಲ.

ಹಾಗಾದರೆ ಭೇದವೆಲ್ಲಿ? ವಜ್ರಮುಷ್ಟಿಯಲ್ಲಿ ಬೋಳುತಲೆಯ ಮೇಲೆ ಮೊದಲ ಹನಿ ರಕ್ತ ಕಂಡೊಡನೆ ಕಾಳಗವು ಮುಗಿಯುತ್ತದೆ. ಹಂಪೆಯ ಕಣದಲ್ಲಿ ಇಬ್ಬರನ್ನೂ ಸಮಸ್ಥಿತಿಯಲ್ಲಿ ನಿಲ್ಲಿಸುವ ತೀರ್ಪುಗಾರರಿದ್ದರೆಂದು ಪಾಯಸನೇ ಹೇಳಿದ್ದಾನೆ. ಹೆಚ್ಚು ಗಾಯಗೊಂಡವನಿಗೆ ಅರಸನು ರೇಷ್ಮೆಯ ವಸ್ತ್ರವನ್ನು ಕೊಡುತ್ತಿದ್ದನು. ಮಲ್ಲರಿಗೆ ರಾಜ್ಯದಲ್ಲಿ ಬೇರೆ ಕೆಲಸವಿರಲಿಲ್ಲ. ಕ್ರೌರ್ಯವಿದ್ದರೂ ಅದಕ್ಕೊಂದು ಮೇರೆಯೂ ಪೋಷಕನೂ ಇದ್ದರು.

ಜಪಾನಿನಲ್ಲಿ ಅತ್ಸುಶಿ ಓನಿತಾ 1989ರಲ್ಲಿ ಸ್ಥಾಪಿಸಿದ ಎಫ್.ಎಂ.ಡಬ್ಲ್ಯು., ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ 1992ರಲ್ಲಿ ಹುಟ್ಟಿದ ಇ.ಸಿ.ಡಬ್ಲ್ಯು. ಎಂಬ ಸಣ್ಣ ಸಂಸ್ಥೆಗಳ ಸ್ಥಿತಿ ಬೇರೆ. ದೊಡ್ಡ ಕಂಪನಿಗಳ ಧನಬಲ ಇವಕ್ಕಿರಲಿಲ್ಲ. ಜನರು ಟಿಕೇಟು ಕೊಂಡರೇನೇ ಅನ್ನ. ಓನಿತಾ ಹಗ್ಗಗಳ ಸ್ಥಾನದಲ್ಲಿ ಮುಳ್ಳುತಂತಿಯನ್ನು ಬಿಗಿಸಿದನು, ಸಿಡಿಮದ್ದನ್ನೂ ತಂದನು. ಇಂತಹ ಪಂದ್ಯಗಳಲ್ಲಿ ಸೋಲುಗೆಲುವು ಮೊದಲೇ ನಿಶ್ಚಿತ. ರಕ್ತ ಮಾತ್ರ ನಿಜ. ಬ್ಲೇಡಿನಿಂದ ತಮ್ಮ ಹಣೆಯನ್ನು ತಾವೇ ಕೊಯ್ದುಕೊಳ್ಳುವುದೂ ಉಂಟು. ರಕ್ತ ಕಂಡೊಡನೆ ಆಟ ನಿಲ್ಲುವುದಿರಲಿ, ಪ್ರೇಕ್ಷಕರ ಉತ್ಸಾಹವೇ ಅಲ್ಲಿಂದ ಏರುತ್ತದೆ; ನಿನ್ನೆಗಿಂತ ಇಂದು ಹೆಚ್ಚಿನದನ್ನು ತೋರಿಸಬೇಕಾಗುತ್ತದೆ. ಇ.ಸಿ.ಡಬ್ಲ್ಯು. 2001ರಲ್ಲಿಯೂ ಎಫ್.ಎಂ.ಡಬ್ಲ್ಯು. 2002ರಲ್ಲಿಯೂ ಮುಚ್ಚಿದುವು.

1996ರ ನವೆಂಬರಿನಲ್ಲಿ ಅಮೆರಿಕೆಯ ರಿವಿಯರ್ ಊರಿನಲ್ಲಿ ನಡೆದ ಇ.ಸಿ.ಡಬ್ಲ್ಯು. ಪ್ರದರ್ಶನಕ್ಕೆ ಒಬ್ಬ ಮಲ್ಲನು ಬರಲಿಲ್ಲ. ಹದಿನೇಳು ವರುಷದ ಹುಡುಗನೊಬ್ಬನು ತನ್ನ ವಯಸ್ಸನ್ನು ಹೆಚ್ಚಿಸಿ ಹೇಳಿ, ತರಬೇತಿಯಾಗಿದೆಯೆಂದು ನಂಬಿಸಿ ಕಣಕ್ಕಿಳಿದನು. ಎದುರಾಳಿಯು ಅವನ ಹಣೆಯನ್ನು ಅತಿಯಾಗಿ ಕೊಯ್ದನು. ರಕ್ತ ಹರಿದು ಹುಡುಗನು ಆಸ್ಪತ್ರೆ ಸೇರಿದನು. ಅವನು ಆ ಕಣಕ್ಕೆ ತಕ್ಕವನೇ ಎಂದು ಮೊದಲು ಪರೀಕ್ಷಿಸಿದ ತೀರ್ಪುಗಾರನಿರಲಿಲ್ಲ.

ಗೃಹಸ್ಥರು ಮೊಬೈಲನ್ನು ಕಿತ್ತುಕೊಂಡ ಮಾತ್ರಕ್ಕೆ ಹುಡುಗನ ಕುತೂಹಲ ಅಡಗದು. ಅವನೊಡನೆ ಕುಳಿತು ನೋಡಿ, “ಇವರನ್ನು ತಡೆಯುವವನು ಯಾರಪ್ಪಾ?” ಎಂದು ಕೇಳುವುದು ಲೇಸು. ಮಲ್ಲವಿದ್ಯೆಯಲ್ಲಿ ಅವನಿಗೆ ನಿಜವಾದ ಆಸಕ್ತಿಯಿದ್ದರೆ, ವಯಸ್ಸನ್ನೂ ತೂಕವನ್ನೂ ನೋಡಿ ಜೋಡಿ ಕಟ್ಟುವ, ಸಾಕೆನಿಸಿದಾಗ “ಬಿಡು” ಎನ್ನುವ ವಸ್ತಾದರಿರುವ ಗರಡಿಮನೆಗೆ ಕಳುಹಿಸತಕ್ಕದ್ದು.