ಬಿಲ್ಲಿಲ್ಲದ ದುಬೈ ಬುರ್ಖಾ

ಝಳಕಿಯಂಥ ಊರುಗಳಲ್ಲಿ ರಂಜಾನ್ ಬಂತೆಂದರೆ ಹೆಣ್ಣುಮಕ್ಕಳು ಎರಡು ಬಗೆಯ ಉಪದೇಶ ಕೇಳಬೇಕಾಗುತ್ತದೆ. ಮೊಬೈಲಿನಲ್ಲಿ ದುಬೈ ಬುರ್ಖಾ, ಪಾಕಿಸ್ತಾನಿ ಸೂಟು ತರಿಸಿ ದುಂದು ಮಾಡುತ್ತಿದ್ದಾರೆಂಬುದು ಧರ್ಮ ಬಲ್ಲವರ ದೂರು. ಇಳಕಲ್ಲ ಸೀರೆ, ಗುಳೇದಗುಡ್ಡ ಖಣದ ಸೀಮೆಯವರಿಗೆ ಪರದೇಶದ ಅರಿವೆ ಯಾಕೆ ಬೇಕೆಂಬುದು ದೇಶಾಭಿಮಾನಿಗಳ ದೂರು. ಇಬ್ಬರೂ ಬಯ್ಯುವುದು ಕೊಳ್ಳುವವಳನ್ನು. ಮಾರುವವನ ಸುದ್ದಿ ಇಬ್ಬರ ಬಾಯಲ್ಲೂ ಇಲ್ಲ. ನಮ್ಮ ತಕರಾರು ಇರುವುದೇ ಇಲ್ಲಿ.

ಅವಳು ಏಜೆಂಟನ ಬಳಿ ಯಾಕೆ ಹೋದಳು? ಝಳಕಿ ಸೊಲ್ಲಾಪುರ-ವಿಜಯಪುರ ಹೆದ್ದಾರಿಯ ಮೇಲೇ ಇದೆ. ಸರಕು ಹೊತ್ತ ಲಾರಿಗಳು ಹಗಲಿರುಳು ಓಡುತ್ತವೆ. ಆದರೆ ಹತ್ತು ನಮೂನೆ ನೋಡಿ ಒಂದನ್ನು ಆರಿಸಬೇಕೆಂದರೆ ಅವಳು ಬಸ್ಸು ಹತ್ತಿ ಆ ಎರಡರಲ್ಲೊಂದು ಪಟ್ಟಣಕ್ಕೆ ಹೋಗಬೇಕು. ಜೊತೆಗೆ ಬರಲು ಗಂಡನಿಗೋ ಅಣ್ಣನಿಗೋ ಪುರುಸೊತ್ತಿರಬೇಕು. ಐದನೇ ಸೂಟು ಬಿಚ್ಚುವ ಹೊತ್ತಿಗೆ ಅಂಗಡಿಯವನು ಮುಖ ಸಿಂಡರಿಸುತ್ತಾನೆ. ಮೊಬೈಲು ಸಿಂಡರಿಸುವುದಿಲ್ಲ. ಇನ್ನು ಕೈಮಗ್ಗದ ಅಸಲು ಇಳಕಲ್ಲ ಸೀರೆ ಲಿಂಬೆ ತೋಟದಲ್ಲಿ ಕೂಲಿ ಮಾಡುವವಳ ಕೈಗೆಟುಕುವ ಬೆಲೆಯದ್ದಲ್ಲ. ಅಭಿಮಾನಿಗಳು ಮೊದಲು ಅದಕ್ಕೊಂದು ದಾರಿ ಹೇಳಲಿ. ಪರದೇಶದ ಸರಕು ಈ ನೆಲಕ್ಕೆ ಹೊಸದೂ ಅಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ಅದು ದಾಭೋಳ ಬಂದರಿಗೆ ಇಳಿಯುತ್ತಿತ್ತು.

ಹಾಗೆಂದು ಏಜೆಂಟರ ವ್ಯವಹಾರವನ್ನು ನಾವು ಸಮರ್ಥಿಸುತ್ತಿಲ್ಲ. ವಾಟ್ಸಪ್ಪಿನಲ್ಲಿ ಫೋಟೊ ಬರುತ್ತದೆ, ಫೋನ್‌ಪೇಯಲ್ಲಿ ಮುಂಗಡ ಹೋಗುತ್ತದೆ. ಆಮೇಲೆ 'ಕಸ್ಟಮ್ಸಿನಲ್ಲಿ ಸಿಕ್ಕಿಕೊಂಡಿದೆ' ಎಂಬ ರಾಗ. ಬಂದ ಅರಿವೆ ಬಿಗಿಯಾದರೆ, ಬಣ್ಣ ಬಿಟ್ಟರೆ ವಾಪಸಿಲ್ಲ. ಬಿಲ್ಲಂತೂ ಮೊದಲೇ ಇಲ್ಲ.

ಈ ಧಂದೆಗೆ ಸುಳ್ಳು ಹೊಸದೇನಲ್ಲ. ಒಂದು ಕಾಲಕ್ಕೆ ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗೆ ಆಮದು ಸುಂಕವಿರಲಿಲ್ಲ. ಚೀನಾದಿಂದ ಬರುವ ಅಗ್ಗದ ಬಟ್ಟೆಯ ಪೊಟ್ಟಣಗಳನ್ನು ಉಡುಗೊರೆಯೆಂದು ಬರೆದು ಒಳಗೆ ದಾಟಿಸಲಾಗುತ್ತಿತ್ತು. ಕಾಸು ಕೊಟ್ಟು ಕೊಂಡವಳು ಕಾಗದದಲ್ಲಿ ಉಡುಗೊರೆ ಪಡೆದವಳು! 2019ರ ಡಿಸೆಂಬರಿನಲ್ಲಿ ಸರ್ಕಾರ ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟು ಉಳಿದದ್ದಕ್ಕೆಲ್ಲ ಆ ದಾರಿ ಮುಚ್ಚಿತು. 2020ರ ಜೂನ್ 29ರಂದು ನಿಷೇಧವಾದ 59 ಚೀನೀ ಆ್ಯಪ್‌ಗಳಲ್ಲಿ ಶೀನ್, ಕ್ಲಬ್ ಫ್ಯಾಕ್ಟರಿಗಳೂ ಇದ್ದವು. ಅದೇ ಶೀನ್ 2025ರ ಫೆಬ್ರವರಿಯಲ್ಲಿ ರಿಲಯನ್ಸಿನ ಕೈಹಿಡಿದು ಮರಳಿತು. ದೊಡ್ಡವರಿಗೆ ಬಾಗಿಲು ಹೀಗೆ ತೆರೆದುಕೊಳ್ಳುತ್ತದೆ, ಇರಲಿ.

ಪಾಕಿಸ್ತಾನಿ ಸೂಟಿನ ಕತೆ ಇದಕ್ಕಿಂತ ಕೆಟ್ಟದ್ದು. ಪುಲ್ವಾಮಾ ದಾಳಿಯ ನಂತರ, 2019ರ ಫೆಬ್ರವರಿಯಲ್ಲಿ, ಆ ದೇಶದ ಸರಕಿನ ಮೇಲೆ ಶೇ. 200 ಸುಂಕ ಬಿತ್ತು. 2025ರ ಮೇ 2ರಂದು, ಬೇರೆ ದೇಶ ಸುತ್ತಿ ಬರುವುದೂ ಸೇರಿದಂತೆ, ಆಮದೇ ನಿಷೇಧವಾಯಿತು. ಹಾಗಾದರೆ ಈಗ 'ಅಸಲಿ ಪಾಕಿಸ್ತಾನಿ, ದುಬೈ ಮೂಲಕ ಹೊಸ ಮಾಲು' ಎನ್ನುವವನು ಒಂದೋ ಸೂರತ್ತಿನ ಬಟ್ಟೆಗೆ ಸುಳ್ಳು ಹೆಸರಿಡುತ್ತಿದ್ದಾನೆ, ಇಲ್ಲವೇ ಕಳ್ಳಮಾಲನ್ನು ಅವಳ ಮನೆಗೆ ತಳ್ಳುತ್ತಿದ್ದಾನೆ. ಇಂದಿನ ದಿನಮಾನದಲ್ಲಿ ಮುಸ್ಲಿಮರ ಮನೆಯ ಹೊಸ್ತಿಲಿಗೆ ಆ ಹೆಸರಿನ ಪಾರ್ಸೆಲ್ ಬಂದರೆ ಏನೇನಾಗಬಹುದೆಂದು ಅವನಿಗೆ ತಿಳಿಯದೇ? ಲಾಭ ಅವನದು, ಅಪವಾದ ಅವಳದು. ಅಳತೆ-ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ದುಂದುವೆಚ್ಚದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರಿಗೆ ಅದು ನೆನಪಾಗುವುದಿಲ್ಲವೇಕೆ?

ಏಜೆಂಟರೆಲ್ಲ ಒಂದೇ ಅಲ್ಲವೆಂಬುದೂ ನಮಗೆ ಗೊತ್ತು. ಮೊಹಲ್ಲಾದಲ್ಲಿ ಫೋಟೊ ದಾಟಿಸುವವರು ಬಹುಪಾಲು ಮನೆಯೊಳಗಿನ ಹೆಂಗಸರು, ಸೂಟಿಗೆ ನೂರೋ ಇನ್ನೂರೋ ಉಳಿಸಿಕೊಳ್ಳುವವರು. ಮಾಲು ಕೆಟ್ಟರೆ ಜಗಳ ಬರುವುದು ಖಾಲಾನ ಬಾಗಿಲಿಗೆ. ಮೇಲಿನ ದೊಡ್ಡ ಏಜೆಂಟ ಅಷ್ಟರಲ್ಲಿ ಅವಳ ನಂಬರನ್ನು ಬ್ಲಾಕ್ ಮಾಡಿರುತ್ತಾನೆ. ಆ ಖಾಲಾ ಕೂಡ ಅವನಿಂದ ಬಿಲ್ಲು ಕೇಳಬೇಕು, ವಿಳಾಸ ಕೇಳಬೇಕು. ಕೊಡದಿದ್ದರೆ ಮುಂಗಡ ಕಳಿಸಬಾರದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಂಗಡಿಯ ಹೊಸ್ತಿಲಿಗೇ ನಿಲ್ಲುವುದಿಲ್ಲ; ಫೋನಿನ ಮೂಲಕ ನಡೆದ ಮಾರಾಟಕ್ಕೂ ಅನ್ವಯಿಸುತ್ತದೆ. 1915ಕ್ಕೆ ಕರೆ ಮಾಡಿ ದೂರು ಹೇಳಬಹುದು. ಅದರಿಂದಾಗದಿದ್ದರೆ ವಿಜಯಪುರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಐದು ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಹಣ ಕಳಿಸಿದ ದಾಖಲೆ, ಏಜೆಂಟ ಕಳಿಸಿದ ಫೋಟೊ, ಅವನ ಮೆಸೇಜು, ಈ ಮೂರನ್ನು ಮಾತ್ರ ಮೊಬೈಲಿನಿಂದ ಅಳಿಸಬೇಡಿ.